ಕಾಫಿಯ ಹೊತ್ತು ಬದಲಾದ ವರ್ಷ

ಕಳೆದ ವರ್ಷ ಜನವರಿಯ ಒಂದು ಸಂಜೆ 92 ಎಂದು ಬರೆಯಬೇಕಾದ ಜಾಗದಲ್ಲಿ ನಾನು 29 ಎಂದು ಬರೆದೆ. ಬರೆದದ್ದು ಕಿಲೋ ಲೆಕ್ಕ. ಕೊಯ್ಲಿನ ಕಾಲದಲ್ಲಿ ನಮ್ಮ ತೋಟದಲ್ಲಿ ಕೂಲಿ ಕೊಡುವುದು ಕೊಯ್ದ ಹಣ್ಣಿನ ತೂಕಕ್ಕೆ. ಆ ಒಂದು ಸಾಲಿನಲ್ಲಿ ಒಬ್ಬ ಹೆಂಗಸಿನ ಇಡೀ ದಿನದ ದುಡಿಮೆಯಲ್ಲಿ ಮೂರರಲ್ಲಿ ಎರಡು ಪಾಲು ಅಳಿಸಿಹೋಗಿತ್ತು.

ಕೊಡಗಿನ ಮಾದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಹನ್ನೊಂದು ವರ್ಷಗಳಿಂದ ನಾನು ರೈಟರ್. ಬೆಳಿಗ್ಗೆ ಎಂಟಕ್ಕೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಬಟವಾಡೆ. ಬಟವಾಡೆಯ ದಿನ ಆ ಹೆಂಗಸು ಹಣ ತೆಗೆದುಕೊಂಡು ಹೋಗದೆ ಮೇಜಿನ ಮುಂದೆಯೇ ನಿಂತರು. ನನಗಿಂತ ಐದಾರು ವರ್ಷ ಚಿಕ್ಕವರು, ಓದು ಬರಹ ಇಲ್ಲ. ಆದರೆ ತುಂಬಿದ ಚೀಲಗಳ ಲೆಕ್ಕ ಅವರಿಗೆ ಬಾಯಿಪಾಠ. ‘ಅಕ್ಕಾ, ಬುಧವಾರ ನಾನು ಎರಡು ಚೀಲ ತುಂಬಿದ್ದೆ’ ಎಂದರು. ಮೇಸ್ತ್ರಿಯ ಚೀಟಿ ತೆಗೆದು ನೋಡಿದೆ. 92 ಎಂದೇ ಇತ್ತು. ಬಾಕಿ ಹಣ ಎಣಿಸಿ ಕೊಡುವಾಗ ನನ್ನ ಕೈ ನಡುಗುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಹೋಗುವಾಗ ಮಾತ್ರ ತಿರುಗಿ, ‘ತುಂಬ ಸೊರಗಿದ್ದೀರಿ ಅಕ್ಕಾ, ಯಾರಿಗಾದರೂ ತೋರಿಸಿಕೊಳ್ಳಿ’ ಎಂದರು. ಮನೆಯಲ್ಲಿ ಎರಡು ವರ್ಷ ಯಾರ ಬಾಯಿಂದಲೂ ಬಾರದಿದ್ದ ಮಾತು ಅದು.

ಸುಸ್ತು ಎನ್ನುವುದು ಒಂದು ದಿನದಲ್ಲಿ ಬರುವುದಿಲ್ಲ. ಬಂದದ್ದು ಗೊತ್ತೂ ಆಗುವುದಿಲ್ಲ. ಮೊದಲು ಮನೆಯ ಏರಿನಲ್ಲಿ ಬಳಂಜಿ ಮರದ ಹತ್ತಿರ ಒಮ್ಮೆ ನಿಲ್ಲುತ್ತಿದ್ದೆ, ಆಮೇಲೆ ಎರಡು ಕಡೆ, ಕೊನೆಗೆ ಮೂರು ಕಡೆ. ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಪುಸ್ತಕದ ಅಂಕಿಗಳು ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ರಾತ್ರಿ ಮಲಗಿದರೆ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದರೆ ಮಲಗಿಯೇ ಇರಲಿಲ್ಲವೇನೋ ಎನ್ನುವಷ್ಟು ಮೈಭಾರ. ನಲವತ್ತಮೂರು ವಯಸ್ಸಾಯಿತಲ್ಲ, ಹೀಗೇ ಇರಬೇಕು ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಮಳೆಯ ಮೇಲೆ ಹಾಕಿದೆ, ಕೊಯ್ಲಿನಲ್ಲಿ ಕೊಯ್ಲಿನ ಮೇಲೆ ಹಾಕಿದೆ.

ಏನೂ ಮಾಡಲಿಲ್ಲ ಎಂದಲ್ಲ. ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ‘ಶಕ್ತಿಯ ಇಂಜೆಕ್ಷನ್’ ಎಂದು ತಿಂಗಳಿಗೊಂದರಂತೆ ಒಂದು ವರ್ಷ ಹಾಕಿಸಿಕೊಂಡೆ. ಔಷಧ ಅಂಗಡಿಯಿಂದ ಕೆಂಪು ಟಾನಿಕ್ ತಂದು ಕುಡಿದೆ. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಗಳು ಮೂರು ಖಾಲಿಯಾದವು. ಆ ಇಡೀ ಅವಧಿಯಲ್ಲಿ ಒಬ್ಬರೂ ಒಂದು ಹನಿ ರಕ್ತ ತೆಗೆದು ಪರೀಕ್ಷೆ ಮಾಡಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಟವಾಡೆಯ ಮರುವಾರ ರಜೆ ಹಾಕಿ ಮಡಿಕೇರಿಗೆ ಹೋದೆ. ಅಲ್ಲಿನ ವೈದ್ಯೆ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು, ಉಗುರು ನೋಡಿದರು. ಮುಟ್ಟಿನ ದಿನಗಳ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದರು. ನನಗೆ ಎರಡು ವರ್ಷಗಳಿಂದ ಏಳೆಂಟು ದಿನ ಹೋಗುತ್ತಿತ್ತು; ಈ ವಯಸ್ಸಿಗೆ ಅದು ಸಹಜ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು: ‘ಹಸಿ ಅಕ್ಕಿ ತಿನ್ನುತ್ತೀರಾ?’

ನನ್ನ ಗುಟ್ಟು ಅವರಿಗೆ ಹೇಗೆ ತಿಳಿಯಿತೋ ಎಂದು ಮೈ ಜುಮ್ಮೆಂದಿತು. ತಿನ್ನುತ್ತಿದ್ದೆ. ಮೊರದಲ್ಲಿ ಅಕ್ಕಿ ಕೇರುವಾಗ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡದ್ದು ಬರಬರುತ್ತಾ ಒಂದು ಹಿಡಿಯಾಗಿತ್ತು. ಅದರ ಕಟಕಟ ಸದ್ದು, ನೆನೆದ ಮೇಲೆ ಬರುವ ಹಿಟ್ಟಿನ ರುಚಿ, ಇವುಗಳಿಗಾಗಿ ಬಾಯಿ ಹಾತೊರೆಯುತ್ತಿತ್ತು. ಕಚೇರಿಯ ಮೇಜಿನ ಖಾನೆಯಲ್ಲಿ ಒಂದು ಪೊಟ್ಟಣ ಇಟ್ಟುಕೊಳ್ಳುವಷ್ಟು. ಅತ್ತೆಗೆ ಕಾಣಬಾರದೆಂದು ಉಗ್ರಾಣದಲ್ಲಿ ನಿಂತು ತಿನ್ನುತ್ತಿದ್ದೆ. ದೇಹದಲ್ಲಿ ಕಬ್ಬಿಣಾಂಶ ಬತ್ತಿದಾಗ ಕೆಲವರಿಗೆ ಅಕ್ಕಿ, ಕೆಲವರಿಗೆ ಮಣ್ಣು, ಬಳಪ, ಮಂಜುಗಡ್ಡೆ ಹೀಗೆ ಆಹಾರವಲ್ಲದ್ದನ್ನೆಲ್ಲ ಅಗಿಯುವ ಚಪಲ ಹುಟ್ಟುತ್ತದೆ ಎಂದು ವೈದ್ಯೆ ಹೇಳಿದರು. ಅದು ಕೆಟ್ಟ ಚಟ ಅಲ್ಲ, ಒಂದು ಲಕ್ಷಣ ಎಂದು ಕೇಳಿದಾಗ ಎದೆಯಿಂದ ಕಲ್ಲೊಂದು ಇಳಿದಂತಾಯಿತು.

ವರದಿ ಬಂತು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 9.4 ಗ್ರಾಂ. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ನನ್ನಲ್ಲಿ 7 ಇತ್ತು. 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಬರಿದಾಗಿದೆ ಎಂದೇ ಅರ್ಥ. ಥೈರಾಯ್ಡ್, ಸಕ್ಕರೆ, ಬಿ12 ಸರಿಯಾಗಿದ್ದವು. ಹೆಚ್ಚು ರಕ್ತ ಹೋಗುವುದಕ್ಕೆ ಸ್ತ್ರೀರೋಗ ತಜ್ಞರನ್ನು ಕಂಡು ಬೇರೆ ಚಿಕಿತ್ಸೆ ಪಡೆದೆ, ಅದು ಈಗ ಹತೋಟಿಯಲ್ಲಿದೆ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ಒಂದು. ದಿನವೂ ಏಕೆ ಬೇಡ ಎಂದು ಕೇಳಿದೆ. ಒಂದು ದಿನ ನುಂಗಿದರೆ ಮರುದಿನ ಕರುಳು ಕಬ್ಬಿಣವನ್ನು ಅಷ್ಟಾಗಿ ಒಳಕ್ಕೆ ಬಿಡುವುದಿಲ್ಲ, ನಡುವೆ ಬಿಡುವು ಕೊಟ್ಟರೆ ಹೀರುವುದೂ ಹೆಚ್ಚು, ಹೊಟ್ಟೆಯ ತೊಂದರೆಯೂ ಕಡಿಮೆ ಎಂದರು.

ಎದ್ದು ಹೊರಡುವಾಗ ಅವರು, ‘ದಿನಕ್ಕೆ ಎಷ್ಟು ಕಾಫಿ?’ ಎಂದರು. ಮೂರು ನಾಲ್ಕು ಎಂದೆ. ‘ಒಂದು ವಾರ ಬರೆದಿಡಿ. ಕಾಫಿ, ಊಟ, ನಿದ್ದೆ, ಸುಸ್ತು, ನಾಲ್ಕನ್ನೂ ಗಂಟೆ ಸಮೇತ ಬರೆದು ತನ್ನಿ. ನೀವು ಲೆಕ್ಕ ಬರೆಯುವವರಲ್ಲವೇ?’

ಬರೆಯುವುದು ನನಗೆ ಕಷ್ಟವಲ್ಲ. ತೋಟದ ಹಳೆಯ ಹಾಜರಿ ಪುಸ್ತಕವೊಂದು ಅರ್ಧ ಖಾಲಿ ಇತ್ತು. ಕಾರ್ಮಿಕರ ಹೆಸರು ಬರೆಯುವ ಕಡೆ ಗಂಟೆಗಳನ್ನೂ ತಾರೀಖಿನ ಮನೆಗಳಲ್ಲಿ ಕಾಫಿಗೆ ಒಂದು ಸೊನ್ನೆಯನ್ನೂ ಹಾಕುತ್ತಾ ಹೋದೆ. ವಾರ ಮುಗಿದಾಗ ಪುಟ ನೋಡಿ ನಂಬಲಾಗಲಿಲ್ಲ. ದಿನಕ್ಕೆ ಏಳು. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದ ಕೂಡಲೇ, ಏಳೂವರೆಗೆ ರೊಟ್ಟಿಯ ಜೊತೆ, ಹತ್ತೂವರೆಗೆ ತೋಟದಲ್ಲಿ, ಊಟ ಮುಗಿದ ತಕ್ಷಣ, ನಾಲ್ಕಕ್ಕೆ ತೂಕಕ್ಕೆ ಕೂರುವ ಮೊದಲು, ಮನೆಗೆ ಬಂದಾಗ, ರಾತ್ರಿ ಒಂಬತ್ತಕ್ಕೆ ಗಂಡನ ಜೊತೆ ಮಾತನಾಡುತ್ತಾ. ಕೊಡಗಿನಲ್ಲಿ ಕಾಫಿ ಲೆಕ್ಕಕ್ಕೆ ಸಿಗುವ ವಸ್ತುವಲ್ಲ. ಒಲೆಯ ಬದಿಯಲ್ಲಿ ಬೆಲ್ಲದ ಕಾಫಿಯ ಪಾತ್ರೆ ಸದಾ ಬೆಚ್ಚಗಿರುತ್ತದೆ. ಬಂದವರು ಕುಡಿಯುತ್ತಾರೆ, ಹೋಗುವವರು ಕುಡಿಯುತ್ತಾರೆ. ನೀರು ಕುಡಿದದ್ದನ್ನು ಹೇಗೆ ಎಣಿಸುವುದಿಲ್ಲವೋ ಇದನ್ನೂ ಹಾಗೆಯೇ ಎಣಿಸುವುದಿಲ್ಲ.

ಅದರಲ್ಲೂ ನಮ್ಮದು ಮನೆಯ ಮೂರು ಎಕರೆಯ ರೋಬಸ್ಟಾ. ಚಿಕೋರಿ ಬೆರೆಸುವುದಿಲ್ಲ. ರೋಬಸ್ಟಾ ಬೀಜದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ ಎನ್ನುವುದು ಕಾಫಿ ಬೆಳೆಯುವ ನನಗೆ ಗೊತ್ತಿರಲಿಲ್ಲವೆಂದಲ್ಲ, ಅದು ನನ್ನ ನಿದ್ದೆಗೆ ಸಂಬಂಧಪಟ್ಟ ವಿಷಯ ಎಂದು ಹೊಳೆದಿರಲಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದದ್ದರ ಅರ್ಧ ರಾತ್ರಿ ಎರಡಕ್ಕೂ ರಕ್ತದಲ್ಲಿರುತ್ತದೆ. ಹಗಲೆಲ್ಲ ದುಡಿದ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ತುಂಬುತ್ತಾ ಬಂದು, ಸಾಕು ಮಲಗು ಎಂದು ಹೇಳುತ್ತದಂತೆ. ಕೆಫೀನ್ ಆ ಮಾತು ಕಿವಿಗೆ ಬೀಳದಂತೆ ಬಾಗಿಲು ಮುಚ್ಚಿ ನಿಲ್ಲುತ್ತದೆ, ದಣಿವನ್ನು ಮಾತ್ರ ಕಡಿಮೆ ಮಾಡುವುದಿಲ್ಲ.

ಎರಡನೆಯ ವಿಷಯ ಇನ್ನೂ ಮುಖ್ಯ. ಊಟದ ಜೊತೆಗೋ ಊಟ ಮುಗಿದ ಕೂಡಲೇ ಕುಡಿದ ಕಾಫಿ ಅಥವಾ ಚಹಾ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. ನಾನು ತಿಂದ ಹುರುಳಿಯನ್ನೂ ನುಗ್ಗೆಸೊಪ್ಪನ್ನೂ ನಾನೇ ಒಂದು ಲೋಟ ಕಾಫಿಯಿಂದ ತೊಳೆದು ಕಳುಹಿಸುತ್ತಿದ್ದೆ. ಮೂರು ಗಂಟೆಯ ಸುಸ್ತಿಗೆ ನಾಲ್ಕು ಗಂಟೆಯ ಕಾಫಿ, ನಾಲ್ಕು ಗಂಟೆಯ ಕಾಫಿಯಿಂದ ಕೆಟ್ಟ ನಿದ್ದೆ, ಕೆಟ್ಟ ನಿದ್ದೆಗೆ ಬೆಳಿಗ್ಗೆ ಐದರ ಕಾಫಿ. ಈ ಚಕ್ರ ಹಾಜರಿ ಪುಸ್ತಕದ ಒಂದೇ ಪುಟದಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು.

ಸಿಟ್ಟಿನಲ್ಲಿ ಒಂದೇ ದಿನ ಕಾಫಿ ಬಿಟ್ಟುಬಿಟ್ಟೆ. ಅದು ತಪ್ಪು. ಮರುದಿನ ತಲೆ ಒಡೆದುಹೋಗುವಂಥ ನೋವು, ವಾಕರಿಕೆ, ಮಕ್ಕಳ ಮೇಲೆ ಕಾರಣವಿಲ್ಲದ ಕೋಪ. ಎರಡು ದಿನ ಸಹಿಸಿ ಮೂರನೆಯ ದಿನ ಮತ್ತೆ ಕುಡಿದೆ. ವೈದ್ಯೆಗೆ ಫೋನ್ ಮಾಡಿದಾಗ, ‘ಬಿಡಿ ಎಂದು ನಾನು ಹೇಳಲೇ ಇಲ್ಲವಲ್ಲ. ಹೊತ್ತು ಬದಲಿಸಿ’ ಎಂದರು. ನಾಲ್ಕು ದಿನಕ್ಕೆ ಒಂದರಂತೆ ಇಳಿಸುತ್ತಾ ಬಂದೆ. ಮೊದಲು ಹೋದದ್ದು ರಾತ್ರಿ ಒಂಬತ್ತರದ್ದು, ಆಮೇಲೆ ಸಂಜೆಯದು, ಆಮೇಲೆ ನಾಲ್ಕರದ್ದು. ಊಟದ ನಂತರದ್ದನ್ನು ಕೊನೆಗೆ ಮುಟ್ಟಿದೆ, ಏಕೆಂದರೆ ಅದೇ ನನಗೆ ಬಹಳ ಇಷ್ಟದ್ದು. ಈಗ ಎರಡು ಉಳಿದಿವೆ: ಬೆಳಿಗ್ಗೆ ಎದ್ದ ಮೇಲೆ ಒಂದು, ತಿಂಡಿಗೂ ಊಟಕ್ಕೂ ನಡುವೆ ಹತ್ತೂವರೆಗೆ ಇನ್ನೊಂದು. ಆ ಎರಡನ್ನು ನಾನು ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಕುಡಿಯುತ್ತೇನೆ.

ಬೇರೆಯವರ ಮನೆಗೆ ಹೋದಾಗ ಬೇಡ ಎನ್ನುವುದೇ ಕಷ್ಟವಾಯಿತು. ನಮ್ಮಲ್ಲಿ ಕಾಫಿ ಬೇಡವೆಂದರೆ ಮನೆಯೇ ಬೇಡವೆಂದ ಹಾಗೆ. ‘ಸಂಜೆ ಕುಡಿದರೆ ನಿದ್ದೆ ಬರುವುದಿಲ್ಲ, ಒಂದು ಲೋಟ ಜೀರಿಗೆ ನೀರು ಕೊಡಿ’ ಎಂದು ನಾನೇ ಕೇಳಿ ಪಡೆಯುವುದನ್ನು ಕಲಿತೆ. ಏನನ್ನಾದರೂ ಕೇಳಿ ಕುಡಿದರೆ ಮನೆಯವರಿಗೆ ಬೇಸರವಾಗುವುದಿಲ್ಲ. ಒಳ್ಳೆಮೆಣಸು, ಶುಂಠಿ, ಬೆಲ್ಲ ಹಾಕಿದ ಕಷಾಯವೂ ನಡೆಯುತ್ತದೆ.

ಮಾತ್ರೆಯ ಬಗ್ಗೆ ಒಂದೆರಡು ಮಾತು. ಕಾಫಿಗೂ ಹಾಲಿಗೂ ದೂರವಾಗಿ, ಖಾಲಿ ಹೊಟ್ಟೆಯಲ್ಲಿ, ನಿಂಬೆರಸ ಹಿಂಡಿದ ನೀರಿನ ಜೊತೆ ನುಂಗುತ್ತಿದ್ದೆ. ನಿಂಬೆಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಒಳಗೆ ಸೇರಲು ಸಹಾಯ ಮಾಡುತ್ತದೆ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಮಲಬದ್ಧತೆ ನನಗೂ ಆಯಿತು. ಬಾಳೆಹಣ್ಣು, ಬಿಸಿನೀರಿನಿಂದ ಸುಧಾರಿಸಿಕೊಂಡೆ. ಎಷ್ಟೋ ಹೆಂಗಸರು ಇದೇ ಎರಡು ಕಾರಣಕ್ಕೆ ಮಾತ್ರೆಯನ್ನು ಅರ್ಧದಲ್ಲೇ ಬಿಡುತ್ತಾರೆ. ನಾನು ಆರು ತಿಂಗಳಿಗೂ ಹೆಚ್ಚು ನುಂಗಿದೆ. ಹಿಮೋಗ್ಲೋಬಿನ್ ಏರಿದ ಮೇಲೂ ಉಗ್ರಾಣ ತುಂಬಲು ಸಮಯ ಬೇಕು.

ಮಾರ್ಚ್ ಕೊನೆಯಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತು. ಆ ಪರಿಮಳದ ನಡುವೆ ಮನೆಯ ಏರು ಹತ್ತುವಾಗ ಬಳಂಜಿ ಮರ ದಾಟಿದ್ದೇ ನನಗೆ ತಿಳಿಯಲಿಲ್ಲ. ಮೇಲೆ ಬಂದು ಹಿಂದಿರುಗಿ ನೋಡಿದೆ. ಒಂದೇ ಕಡೆ ನಿಂತಿದ್ದೆ. ಅಕ್ಕಿಯ ಚಪಲ ಅದಕ್ಕೂ ಮೊದಲೇ, ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ಹೋಗಿತ್ತು. ಯಾವ ದಿನ ಹೋಯಿತೋ ಗೊತ್ತಿಲ್ಲ. ಖಾನೆಯಲ್ಲಿದ್ದ ಪೊಟ್ಟಣಕ್ಕೆ ಹುಳು ಬಿದ್ದದ್ದು ನೋಡಿದಾಗಲೇ ನೆನಪಾಯಿತು.

ಆದರೆ ನಿದ್ದೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು. ನನ್ನ ಪುಸ್ತಕದಲ್ಲಿ ಐದರ ಮೇಲೆ ಒಂದು ದಿನವೂ ಇರಲಿಲ್ಲ. ಮಲಗುವುದು ಹನ್ನೊಂದೂವರೆ, ಏಳುವುದು ಐದಕ್ಕೆ ಮೊದಲು. ಬೇಗ ಮಲಗಿ ಎಂದು ಹೇಳುವುದು ಸುಲಭ. ರಾತ್ರಿ ಪಾತ್ರೆ, ನಾಳೆಯ ಕಡುಬಿಗೆ ಅಕ್ಕಿ ತರಿ, ಮಗನ ಬಟ್ಟೆ, ಅತ್ತೆಯ ಕಾಲಿಗೆ ಎಣ್ಣೆ ಮುಗಿಯದೆ ನಾನು ಮಲಗುವುದು ಹೇಗೆ? ಇದು ನನ್ನೊಬ್ಬಳ ಅಭ್ಯಾಸ ಬದಲಿಸುವ ಮಾತಲ್ಲ, ಮನೆಯ ಅಭ್ಯಾಸ ಬದಲಿಸುವ ಮಾತು ಎಂದು ಅರ್ಥವಾಯಿತು. ಒಂದು ಭಾನುವಾರ ವರದಿಯನ್ನೂ ಹಾಜರಿ ಪುಸ್ತಕವನ್ನೂ ಊಟದ ಮೇಜಿನ ಮೇಲೆ ಇಟ್ಟು ಎಲ್ಲರಿಗೂ ಓದಿ ಹೇಳಿದೆ. ಅಳಬಾರದು ಎಂದುಕೊಂಡಿದ್ದೆ, ಅತ್ತೆ ಅತ್ತರು. ತಮಗೂ ಈ ವಯಸ್ಸಿನಲ್ಲಿ ಹೀಗೆಯೇ ಇತ್ತು, ಯಾರಿಗೂ ಹೇಳಲಿಲ್ಲ ಎಂದರು.

ಅಂದಿನಿಂದ ರಾತ್ರಿಯ ಪಾತ್ರೆ ಮಗನದು. ಬೆಳಿಗ್ಗೆ ಬಚ್ಚಲ ಹಂಡೆಗೆ ಬೆಂಕಿ ಹಾಕುವುದು, ಒಲೆ ಹಚ್ಚುವುದು ಗಂಡನದು. ಅಕ್ಕಿ ರೊಟ್ಟಿ, ಕಡುಬು, ನೂಲ್‌ಪುಟ್ಟು ಎಂದು ದಿನವೂ ಹೊತ್ತು ಹಿಡಿಯುವ ತಿಂಡಿ ಬೇಡ, ವಾರದಲ್ಲಿ ಮೂರು ದಿನ ಸಾಕು ಎಂದು ಅತ್ತೆಯೇ ಹೇಳಿದರು. ಮೊಬೈಲ್ ಒಂಬತ್ತೂವರೆಗೆ ಅಡುಗೆಮನೆಯ ಕಪಾಟಿಗೆ ಹೋಗುತ್ತದೆ. ನಾನು ಹತ್ತಕ್ಕೆ ಮಲಗಿ ಐದಕ್ಕೆ ಏಳತೊಡಗಿದೆ. ಏಳು ಗಂಟೆ!

ಅಷ್ಟರಲ್ಲಿ ಜೂನ್ ಬಂತು. ನಮ್ಮ ಕಡೆಯವರಿಗೆ ಮಳೆಗಾಲದ ನಿದ್ದೆ ಎಂದರೆ ಬೇರೆಯೇ ವಿಷಯ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಮುತ್ತ ಬೆಟ್ಟಗಳು ಕುಸಿದು ಮನೆ, ತೋಟ, ರಸ್ತೆಗಳನ್ನು ಹೊತ್ತೊಯ್ದವು. ನಮ್ಮ ಮನೆ ಉಳಿಯಿತು. ಹಿಂದಿನ ದಿಬ್ಬದಲ್ಲಿ ಮಾತ್ರ ಒಂದು ಬಿರುಕು ಬಿಟ್ಟಿತ್ತು. ಅಂದಿನಿಂದ ರಾತ್ರಿ ಜೋರು ಮಳೆ ಹೊಡೆದರೆ ನಾನು ಎದ್ದು ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಹಂಚಿನ ಮೇಲಿನ ಸದ್ದು ಬದಲಾದರೆ ಎಚ್ಚರ, ನಾಯಿ ಬೊಗಳಿದರೆ ಎಚ್ಚರ, ಏನೂ ಸದ್ದಿಲ್ಲದಿದ್ದರೆ ಅದಕ್ಕೂ ಎಚ್ಚರ. ಅಷ್ಟು ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸರಿಯಾಗಿ ಮಲಗಿಯೇ ಇರಲಿಲ್ಲ. ಇದನ್ನು ಯಾವ ಕಾಫಿಯ ಲೆಕ್ಕವೂ ಸರಿಮಾಡಲಾರದು.

ವೈದ್ಯೆಗೆ ಇದನ್ನು ಹೇಳಲು ಮೂರು ಭೇಟಿ ಬೇಕಾಯಿತು. ಹೆದರಬೇಡಿ ಎಂದು ಅವರು ಹೇಳಲಿಲ್ಲ, ಆ ಕಾರಣಕ್ಕೇ ಅವರ ಮೇಲೆ ನನಗೆ ಗೌರವ. ಹೆದರಿಕೆಗೆ ಕಾರಣವಿದೆ, ಆದ್ದರಿಂದ ಅದಕ್ಕೆ ಒಂದು ವ್ಯವಸ್ಥೆ ಮಾಡಿಕೊಳ್ಳಿ, ಆಗ ತಲೆಯೊಳಗೆ ಕಾವಲು ಕೂರಬೇಕಾಗುವುದಿಲ್ಲ ಎಂದರು. ಗಂಡನೂ ನಾನೂ ಕೂತು ಮಾತನಾಡಿದೆವು. ಜಮೀನಿನ ಪತ್ರ, ಬ್ಯಾಂಕ್ ಪುಸ್ತಕ, ಅತ್ತೆಯ ಔಷಧ, ಟಾರ್ಚ್, ಒಂದು ಜೊತೆ ಬಟ್ಟೆ ತುಂಬಿದ ಚೀಲ ಬಾಗಿಲ ಬಳಿಯ ಮೊಳೆಗೆ ಬಂತು. ಜೋರು ಮಳೆಯ ರಾತ್ರಿ ಒಂದು ಗಂಟೆಯವರೆಗೆ ಕಾವಲು ಅವರದು, ಆಮೇಲೆ ನನ್ನದು. ಜಿಲ್ಲೆಗೆ ರೆಡ್ ಅಲರ್ಟ್ ಎಂದು ಪ್ರಕಟವಾದರೆ ಯೋಚನೆಯೇ ಇಲ್ಲ, ಅತ್ತೆಯನ್ನು ಕರೆದುಕೊಂಡು ಕುಶಾಲನಗರದ ತಂಗಿಯ ಮನೆಗೆ. ಜುಲೈನಲ್ಲಿ ಎರಡು ಸಲ ಹೋದೆವು. ಏನೂ ಆಗಲಿಲ್ಲ, ಹೋದದ್ದಕ್ಕೆ ಪಶ್ಚಾತ್ತಾಪವೂ ಆಗಲಿಲ್ಲ. ಗಂಡ ಹೊರಗಿನ ಕೋಣೆಯಲ್ಲಿ ಎದ್ದು ಕೂತಿದ್ದಾರೆ ಎಂದು ಗೊತ್ತಿದ್ದ ಮೊದಲ ರಾತ್ರಿ, ಹಂಚು ಹಾರಿಹೋಗುವಂಥ ಮಳೆಯಲ್ಲಿ, ನಾನು ಮೂರು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿದ್ದೆ. ಅವರು ಬಂದು ಭುಜ ಮುಟ್ಟಿ ಎಬ್ಬಿಸಿದಾಗ ಎಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಥ ನಿದ್ದೆ ಮಳೆಗಾಲದಲ್ಲಿ ನನಗೆ ಏಳು ವರ್ಷದಿಂದ ಬಂದಿರಲಿಲ್ಲ.

ಬೆಳಗಿನ ನಡಿಗೆಯ ವಿಷಯ ಹೇಳಬೇಕು. ಪತ್ರಿಕೆಗಳಲ್ಲಿ ಬರುವ ಆರೋಗ್ಯ ಸಲಹೆಗಳಲ್ಲಿ ಅದು ತಪ್ಪದೆ ಇರುತ್ತದೆ: ಸೂರ್ಯೋದಯಕ್ಕೆ ಮೊದಲೇ ಎದ್ದು ನಡೆಯಿರಿ. ಕೊಡಗಿನ ತೋಟದ ದಾರಿಗಳಲ್ಲಿ ಆ ಹೊತ್ತಿಗೆ ನಡೆಯುವುದು ಕಾಡಾನೆಗಳು. ಹಲಸಿನ ಕಾಲದಲ್ಲಂತೂ ಬೆಳಕು ಹರಿಯುವವರೆಗೆ ನಾವು ಅಂಗಳ ಬಿಟ್ಟು ಇಳಿಯುವುದಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಎಂದು ನೋಡಿಕೊಂಡೇ ಕೆಲಸಕ್ಕೆ ಹೊರಡುತ್ತೇವೆ. ಹಾಗಾಗಿ ನಾನು ನಡಿಗೆಯನ್ನು ದಿನದೊಳಗೆ ತುರುಕಿದೆ. ಬೆಳಿಗ್ಗೆ ಒಂದು ನಿಲ್ದಾಣ ಮೊದಲೇ ಬಸ್ ಇಳಿದು ಹದಿನೈದು ನಿಮಿಷ ಡಾಂಬರು ರಸ್ತೆಯಲ್ಲಿ ನಡೆದು ತೋಟಕ್ಕೆ, ಮಧ್ಯಾಹ್ನ ಊಟದ ನಂತರ ಕಣದ ಸುತ್ತ ಹತ್ತು ನಿಮಿಷ. ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಅಷ್ಟರಲ್ಲೇ ತುಂಬುತ್ತದೆ.

ಮಳೆ ಹಿಡಿದು ಹಗಲೇ ಕತ್ತಲಾದ ದಿನಗಳಲ್ಲಿ ಜಗಲಿಯಲ್ಲಿ ಕೂತು ಬೆಳಗಿನ ಕಾಫಿ ಕುಡಿಯುತ್ತೇನೆ. ಇದು ಚಿಕ್ಕ ಸಂಗತಿ ಎಂದು ಮೊದಲು ನನಗೂ ಅನಿಸಿತ್ತು. ಮೋಡ ಮುಚ್ಚಿದ ಆಕಾಶದ ಬೆಳಕೂ ಒಳಗಿನ ಬಲ್ಬಿನ ಬೆಳಕಿಗಿಂತ ಹಲವು ಪಟ್ಟು ಹೆಚ್ಚು. ಆ ಬೆಳಕು ಬೆಳಿಗ್ಗೆ ಕಣ್ಣಿಗೆ ಬಿದ್ದರೆ ದೇಹದೊಳಗಿನ ಗಡಿಯಾರಕ್ಕೆ ಬೆಳಗಾಯಿತು ಎಂದು ತಿಳಿಯುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಹೊಗೆ ತುಂಬಿದ ಅಡುಗೆಮನೆಯಿಂದ ಆ ಇಪ್ಪತ್ತು ನಿಮಿಷ ಹೊರಗೆ ಬಂದು, ಅಂಗಳದ ಆಚೆ ಮಂಜಿನಲ್ಲಿ ಸಿಲ್ವರ್ ಮರಗಳು ಒಂದೊಂದಾಗಿ ಕಾಣಿಸಿಕೊಳ್ಳುವುದನ್ನು ನೋಡುತ್ತೇನೆ.

ಆಹಾರದಲ್ಲಿ ದೊಡ್ಡ ಬದಲಾವಣೆ ಮಾಡಲಿಲ್ಲ. ಅನ್ನದ ರಾಶಿ ಅರ್ಧವಾಯಿತು, ಅದರ ಪಕ್ಕದಲ್ಲಿ ಹುರುಳಿ, ಮೊಟ್ಟೆ, ಮೀನು, ವಾರಕ್ಕೊಮ್ಮೆ ಮಾಂಸ ಬಂತು. ಮಧ್ಯಾಹ್ನ ಮೂರರ ತೂಕಡಿಕೆ ಬಹುಪಾಲು ಅಲ್ಲಿಗೇ ನಿಂತಿತು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡುತ್ತೇನೆ, ಕಿತ್ತಳೆ ಇದ್ದಾಗ ಊಟದ ಜೊತೆ ಕಿತ್ತಳೆ. ಆಟಿ ತಿಂಗಳ ಹದಿನೆಂಟನೆಯ ದಿನ ಎಂದಿನಂತೆ ಮದ್ದು ಸೊಪ್ಪಿನ ಪಾಯಸ ಮಾಡಿದೆವು. ಆ ನೇರಳೆ ಬಣ್ಣ, ಆ ಪರಿಮಳ ವರ್ಷಕ್ಕೊಮ್ಮೆ ಬೇಕು.

ನೀರಿನ ವಿಷಯ ಮಾತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಪುಸ್ತಕದಲ್ಲಿ ನೀರಿನ ಲೆಕ್ಕವನ್ನೂ ಬರೆಯತೊಡಗಿದಾಗ, ಕೆಲಸದ ಹೊತ್ತಿನಲ್ಲಿ ನಾನು ಒಂದು ಲೋಟವೂ ಕುಡಿಯುತ್ತಿಲ್ಲ ಎಂದು ಗೊತ್ತಾಯಿತು. ಬಾಯಾರಿಕೆ ಇಲ್ಲವೆಂದಲ್ಲ. ಕುಡಿದರೆ ಶೌಚಕ್ಕೆ ಹೋಗಬೇಕು, ಕೊಯ್ಲು ನಡೆಯುವ ಜಾಗದಿಂದ ಶೌಚಾಲಯ ದೂರ. ನನ್ನ ಹಾಗೆಯೇ ಕೊಯ್ಯುವ ಹೆಂಗಸರೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡೇ ಇರುತ್ತಿದ್ದರು. ತಲೆನೋವು, ಉರಿಮೂತ್ರ ಅವರಲ್ಲಿ ಮಾಮೂಲು. ಮಳೆ ಕಳೆದ ಮೇಲೆ ಮಾಲೀಕರಿಗೆ ಇದನ್ನು ನೇರವಾಗಿ ಹೇಳಿದೆ. ಹತ್ತು ವರ್ಷ ಹೇಳದೆ ಇದ್ದದ್ದು ನನ್ನ ತಪ್ಪು. ಕಣದ ಪಕ್ಕದಲ್ಲಿ ಬೀಗ ಹಾಕಿದ್ದ ಹಳೆಯ ಶೌಚಾಲಯ ದುರಸ್ತಿಯಾಯಿತು, ನೀರಿನ ಸಂಪರ್ಕ ಬಂತು. ಈಗ ಅದರ ಬೀಗದ ಕೈ ನನ್ನ ಮೇಜಿನ ಮೇಲಲ್ಲ, ಬಾಗಿಲ ಹೊರಗಿನ ಮೊಳೆಯಲ್ಲಿ ತೂಗುತ್ತದೆ.

ನವೆಂಬರ್‌ನಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 12.6, ಫೆರಿಟಿನ್ 34. ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಿ ಎಂದರು. ಸುಸ್ತು ಪೂರ್ತಿ ಹೋಯಿತೆಂದು ಹೇಳಲಾರೆ. ಮುಟ್ಟಿನ ದಿನಗಳಲ್ಲಿ, ಎರಡು ರಾತ್ರಿ ಸತತ ಮಳೆ ಹೊಡೆದಾಗ ಅದು ಬರುತ್ತದೆ. ಬಂದಾಗ ಊಟದ ನಂತರ ಕಚೇರಿಯ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಅಲಾರಂ ಇಟ್ಟು ಕಣ್ಣು ಮುಚ್ಚುತ್ತೇನೆ. ಇಪ್ಪತ್ತಕ್ಕಿಂತ ಹೆಚ್ಚಾದರೆ ಮಂಕು ಕವಿಯುತ್ತದೆ, ರಾತ್ರಿಯ ನಿದ್ದೆಯೂ ಹಾಳು.

ಈ ವರ್ಷದ ಕೊಯ್ಲು ಶುರುವಾಗಿದೆ. ಮೊನ್ನೆ ಸಂಜೆ ತೂಕ ಮುಗಿದು ಎಲ್ಲರೂ ಹೊರಟ ಮೇಲೆ ಅದೇ ಹೆಂಗಸು ಚೀಲ ಕೊಡವುತ್ತಾ ಉಳಿದರು. 88 ಎಂದು ಜೋರಾಗಿ ಓದಿದೆ, ಅವರು ಎಂಬತ್ತೆಂಟು ಎಂದು ತಿರುಗಿ ಹೇಳಿದರು, ಆಮೇಲೆ ಬರೆದೆ. ಈಗ ಎಲ್ಲರ ತೂಕವನ್ನೂ ಹಾಗೆಯೇ ಬರೆಯುತ್ತೇನೆ. ‘ಅಕ್ಕಾ ಈಗ ಚೆನ್ನಾಗಿದ್ದೀರಿ’ ಎಂದರು. ನನ್ನ ಕಥೆ ಹೇಳಿದೆ. ಹಸಿ ಅಕ್ಕಿಯ ಮಾತು ಬಂದಾಗ ಅವರ ಮುಖ ಬದಲಾಯಿತು. ಸುತ್ತ ನೋಡಿ, ಸೆರಗಿನ ತುದಿಯ ಗಂಟು ಬಿಚ್ಚಿ ಅಂಗೈ ಚಾಚಿದರು. ಬಲ್ಬಿನ ಬೆಳಕಿನಲ್ಲಿ ಒಂದು ಹಿಡಿ ಕುಸುಬಲಕ್ಕಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಆ ಅಂಕಿ ಓದಿದಾಗ ಆಗದ ನೋವು ಆ ಅಂಗೈ ನೋಡಿದಾಗ ಆಯಿತು. ಮರುದಿನ ಹಾಜರಿ ಹಾಕುವಾಗ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದೆ. ಇಪ್ಪತ್ತಮೂರು ಹೆಂಗಸರಲ್ಲಿ ಆರು ಮಂದಿ ಅಕ್ಕಿಯೋ ಮಣ್ಣೋ ತಿನ್ನುವುದಾಗಿ ಒಪ್ಪಿಕೊಂಡರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಗೂ ಕಬ್ಬಿಣದ ಮಾತ್ರೆಗೂ ಹಣ ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಮಾತನಾಡಿದ್ದೇನೆ, ಮಾಲೀಕರಿಂದ ಆ ದಿನದ ಕೂಲಿ ಕಡಿಯುವುದಿಲ್ಲ ಎಂದು ಒಪ್ಪಿಗೆ ಪಡೆದಿದ್ದೇನೆ. ಸೋಮವಾರ ಎಂಟೂಕಾಲರ ಬಸ್ಸಿಗೆ ಆರು ಮಂದಿಯ ಜೊತೆ ನಾನೂ ಹೋಗುತ್ತೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳ ಮುಂದೆ ಸೋಮವಾರದ ಮನೆಯನ್ನು ಈಗಲೇ ತುಂಬಿಟ್ಟಿದ್ದೇನೆ.